ಬಿಪಿ (ಗುಂಡುನಿರೋಧಕ) ಜಾಕೆಟ್ ಅರ್ಥ ಮಾಡಿಕೊಳ್ಳುವ ಕ್ರಮ: ಕಾಲಾಳು ಯೋಧನ ಕವಚಕ್ಕೊಂದು ಕೈಪಿಡಿ

‘ದೇಶದ ಅತಿ ಹಗುರ ಗುಂಡುನಿರೋಧಕ ಜಾಕೆಟ್ ಸಿದ್ಧ’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತದೆ. ಅದರ ಕೆಳಗೆ ತೂಕದ ಒಂದು ಅಂಕಿ, ಒಂದು ಪ್ರಯೋಗಾಲಯದ ಹೆಸರು, ಜಾಕೆಟ್ ತೊಡಿಸಿ ನಿಲ್ಲಿಸಿದ ಬೊಂಬೆಯ ಚಿತ್ರ. ಅಲ್ಲಿಗೆ ಸುದ್ದಿ ಮುಗಿಯಿತು. ಯಾವ ಗುಂಡನ್ನು ತಡೆಯುತ್ತದೆ, ಎಷ್ಟು ಗುಂಡುಗಳನ್ನು ತಡೆಯುತ್ತದೆ, ಮೈಯ ಎಷ್ಟು ಭಾಗವನ್ನು ಮುಚ್ಚುತ್ತದೆ ಎಂಬುದನ್ನು ಹೇಳದೆ ತೂಕವೊಂದನ್ನೇ ಹೇಳಿದರೆ ಆ ಅಂಕಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಜಾಕೆಟ್ಟನ್ನು ಹಗುರ ಮಾಡುವ ಸುಲಭ ದಾರಿ ಎಂದರೆ ಅದರೊಳಗಿನ ಗಟ್ಟಿ ಹಲಗೆಯನ್ನು, ಅಂದರೆ ಪ್ಲೇಟನ್ನು, ಚಿಕ್ಕದು ಮಾಡುವುದು. ಅದಕ್ಕೆ ಸಂಶೋಧನೆ ಬೇಕಿಲ್ಲ.

ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೋ ಬೆಂಗಳೂರಿನ ಪ್ಯಾರಾಚೂಟ್ ರೆಜಿಮೆಂಟ್ ತರಬೇತಿ ಕೇಂದ್ರಕ್ಕೋ ಹೊರಟಿರುವ ಹುಡುಗರು, ಅವರ ಮನೆಯವರು, ರಕ್ಷಣಾ ಸುದ್ದಿಯನ್ನು ಆಸ್ಥೆಯಿಂದ ಓದುವವರು ಈ ಬರಹವನ್ನು ಮೇಲಿನಿಂದ ಕೆಳಗೆ ಒಂದೊಂದೇ ಹೆಜ್ಜೆಯಾಗಿ ಬಳಸಿಕೊಳ್ಳಬಹುದು. ಮೊದಲರ್ಧ ಸುದ್ದಿಯನ್ನೂ ಪ್ಲೇಟಿನ ಚೀಟಿಯನ್ನೂ ಓದುವುದಕ್ಕೆ, ಉಳಿದರ್ಧ ತೊಡುವುದಕ್ಕೆ ಮತ್ತು ಜೋಪಾನ ಮಾಡುವುದಕ್ಕೆ. ಘಟಕದಲ್ಲಿ ಕೊಟ್ಟ ಆದೇಶವೂ ತಯಾರಕರ ಕೈಪಿಡಿಯೂ ಇಲ್ಲಿನ ಮಾತಿಗಿಂತ ಮೇಲು ಎಂಬುದು ನೆನಪಿರಲಿ.

ಹೆಜ್ಜೆ 1: ತಡೆಯಬೇಕಾದದ್ದು ಚೂರನ್ನೋ ಗುಂಡನ್ನೋ, ತಿಳಿದುಕೊಳ್ಳಿ

ಕಾಲಾಳು ಯೋಧನ ಮೈಗೆ ಬಂದೆರಗುವ ಲೋಹದಲ್ಲಿ ಎರಡು ಬಗೆ. ಷೆಲ್, ಗ್ರೆನೇಡ್, ನೆಲಬಾಂಬುಗಳಿಂದ ಸಿಡಿಯುವ ಚೂರು ಒಂದು. ಗುರಿಯಿಟ್ಟು ಹಾರಿಸಿದ ಗುಂಡು ಇನ್ನೊಂದು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಫ್ರೆಂಚರು ಏಡ್ರಿಯನ್ ಹೆಲ್ಮೆಟ್ಟನ್ನೂ ಬ್ರಿಟಿಷರು ಬ್ರೋಡಿ ಹೆಲ್ಮೆಟ್ಟನ್ನೂ ತಂದದ್ದು ಚೂರುಗಳಿಗೆ ಅಂಜಿ. ರೈಫಲ್ ಗುಂಡಿಗೆ ಆ ತೆಳು ಉಕ್ಕು ಯಾವ ಲೆಕ್ಕಕ್ಕೂ ಇರಲಿಲ್ಲ. ಕೊರಿಯಾ ಯುದ್ಧದಲ್ಲಿ ಅಮೆರಿಕದ ಯೋಧರಿಗೆ ಸಿಕ್ಕ ನೈಲಾನ್ ಪದರಗಳ ಅಂಗಿಯೂ ಚೂರಿಗಷ್ಟೇ ಸಾಕಾಗುತ್ತಿತ್ತು. 1965ರಲ್ಲಿ ಡ್ಯೂಪಾಂಟ್ ಕಂಪನಿಯ ರಸಾಯನವಿಜ್ಞಾನಿ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದ ನಾರು ಮುಂದೆ ಕೆವ್ಲಾರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರಿಂದ ಪಿಸ್ತೂಲಿನ ಗುಂಡನ್ನು ಬಟ್ಟೆಯಿಂದಲೇ ತಡೆಯಬಹುದಾಯಿತು. ರೈಫಲ್ ಗುಂಡನ್ನು ಬಟ್ಟೆಯಿಂದ ತಡೆಯಲು ಇಂದಿಗೂ ಆಗುವುದಿಲ್ಲ.

ಏಕೆಂದು ಅಂಕಿಗಳೇ ಹೇಳುತ್ತವೆ. 9 ಮಿ.ಮೀ. ಪಿಸ್ತೂಲಿನ ಗುಂಡು ಸುಮಾರು 500 ಜೂಲ್ ಶಕ್ತಿಯಿಂದ ಬಂದು ಬಡಿಯುತ್ತದೆ. ಎಕೆ-47 ಹಾರಿಸುವ 7.62×39 ಗುಂಡಿನ ತೂಕ ಎಂಟು ಗ್ರಾಂನೊಳಗೆ. ಸೆಕೆಂಡಿಗೆ 700 ಮೀಟರಿಗೂ ಮಿಕ್ಕಿದ ವೇಗದಿಂದ ಅದು ಹೊತ್ತು ತರುವ ಶಕ್ತಿ 2,000 ಜೂಲ್. ಡ್ರಾಗುನೋವ್ ಸ್ನೈಪರ್ ರೈಫಲ್ ಹಾರಿಸುವ 7.62×54 ಆರ್ ಗುಂಡಿನದು 3,000ಕ್ಕೂ ಮೇಲೆ. ಇದರ ಜೊತೆಗೆ ಗುಂಡಿನ ತಿರುಳು ಯಾವುದು ಎಂಬ ಪ್ರಶ್ನೆ ಬೇರೆ ಇದೆ. ಸೀಸದ ತಿರುಳು ಬಡಿದೊಡನೆ ಚಪ್ಪಟೆಯಾಗುತ್ತದೆ, ಮೆದು ಉಕ್ಕಿನ ತಿರುಳು ಅಷ್ಟಾಗಿ ಆಗುವುದಿಲ್ಲ, ಗಟ್ಟಿ ಉಕ್ಕಿನ ತಿರುಳು ಆಗುವುದೇ ಇಲ್ಲ. 2017ರ ಡಿಸೆಂಬರ್ 31ರಂದು ಪುಲ್ವಾಮಾ ಜಿಲ್ಲೆಯ ಲೇಥಪೋರಾದಲ್ಲಿ ಸಿಆರ್‌ಪಿಎಫ್ ಶಿಬಿರದ ಮೇಲೆ ನಡೆದ ದಾಳಿಯಲ್ಲಿ ಉಗ್ರರು ಗಟ್ಟಿ ಉಕ್ಕಿನ ತಿರುಳಿನ ಗುಂಡು ಬಳಸಿದ್ದು ಆಮೇಲೆ ವರದಿಯಾಯಿತು. ಅಲ್ಲಿಂದೀಚೆಗೆ ನಮ್ಮ ಟೆಂಡರ್‌ಗಳಲ್ಲೂ ಸುದ್ದಿಗಳಲ್ಲೂ ಎಚ್‌ಎಸ್‌ಸಿ ಎಂಬ ಮೂರಕ್ಷರ ಹೆಚ್ಚಾಗಿ ಕಾಣತೊಡಗಿತು. ಅದು ಗಟ್ಟಿ ಉಕ್ಕಿನ ತಿರುಳಿನ ಸಂಕ್ಷೇಪ. ‘ಎಕೆ-47 ಗುಂಡನ್ನು ತಡೆಯುತ್ತದೆ’ ಎಂದು ಬರೆದಿದ್ದರೆ, ಯಾವ ತಿರುಳಿನದು ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಬೇಕು.

ಹೆಜ್ಜೆ 2: ಹಂತದ ಸಂಖ್ಯೆ ಯಾವ ಮಾನಕದ್ದು ಎಂದು ನೋಡಿ

ಭಾರತೀಯ ಮಾನಕ ಬ್ಯೂರೊ 2018ರಲ್ಲಿ ಗುಂಡುನಿರೋಧಕ ಜಾಕೆಟ್‌ಗಳಿಗಾಗಿ ಐಎಸ್ 17051 ಎಂಬ ಮಾನಕವನ್ನು ಹೊರಡಿಸಿತು. ಅದರಲ್ಲಿ ಬೆದರಿಕೆಯ ಆರು ಹಂತಗಳಿವೆ. ಆರನೆಯದು ಮೇಲೆ ಹೇಳಿದ 7.62×54 ಆರ್ ಗುಂಡಿನ ಕವಚಭೇದಕ ಬೆಂಕಿಗುಂಡು. ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆಯ, ಅಂದರೆ ಎನ್‌ಐಜೆಯ, ಹಳೆಯ ಮಾನಕದಲ್ಲಿ ರೋಮನ್ ಅಂಕಿಗಳಿದ್ದವು. ಮೂರು-ಎ ಎಂದರೆ ಪಿಸ್ತೂಲಿಗೆ, ಮೂರು ಎಂದರೆ ಸಾಧಾರಣ ರೈಫಲ್ ಗುಂಡಿಗೆ, ನಾಲ್ಕು ಎಂದರೆ ಕವಚಭೇದಕ ರೈಫಲ್ ಗುಂಡಿಗೆ. 2023ರ ನವೆಂಬರಿನಲ್ಲಿ ಬಂದ ಹೊಸ ಮಾನಕ ಆ ಅಂಕಿಗಳನ್ನು ಕೈಬಿಟ್ಟು ಪಿಸ್ತೂಲಿಗೆ ಎಚ್‌ಜಿ1, ಎಚ್‌ಜಿ2 ಎಂದೂ ರೈಫಲ್ಲಿಗೆ ಆರ್‌ಎಫ್1, ಆರ್‌ಎಫ್2, ಆರ್‌ಎಫ್3 ಎಂದೂ ಹೆಸರಿಟ್ಟಿತು. ಹೀಗಾಗಿ ‘ನಾಲ್ಕನೇ ಹಂತದ ಪ್ಲೇಟ್’ ಎಂದು ಯಾರಾದರೂ ಅಂದರೆ ಭಾರತದ ನಾಲ್ಕೋ ಅಮೆರಿಕದ ನಾಲ್ಕೋ ಎಂದು ಕೇಳದೆ ಮಾತು ಮುಂದುವರಿಸಬೇಡಿ. ಎರಡೂ ಒಂದಲ್ಲ.

ಅಮೆರಿಕದವರು ರೈಫಲ್ ಹಂತದಲ್ಲಿ ಆರ್‌ಎಫ್2 ಎಂಬ ನಡುಮೆಟ್ಟಿಲು ಸೇರಿಸಿದ್ದರ ಹಿಂದೆ ಒಂದು ಸೋಜಿಗವಿದೆ. ಸೆರಾಮಿಕ್ (ಪಿಂಗಾಣಿಯಂಥ ಗಟ್ಟಿ ವಸ್ತು) ಇಲ್ಲದ, ಬರೀ ಪಾಲಿಎಥಿಲೀನ್ ನಾರನ್ನು ಒತ್ತಿ ಮಾಡಿದ ಪ್ಲೇಟ್ ತುಂಬ ಹಗುರ, ಅದು 7.62×51 ನ್ಯಾಟೊ ಗುಂಡನ್ನು ನಿಲ್ಲಿಸುತ್ತದೆ. ಅದೇ ಪ್ಲೇಟಿನಲ್ಲಿ, ಅದಕ್ಕಿಂತ ಚಿಕ್ಕದಾದ, ತುದಿಯಲ್ಲಿ ಉಕ್ಕಿನ ಚೂರು ಕೂಡಿಸಿದ 5.56 ಮಿ.ಮೀ.ನ ಎಂ855 ಗುಂಡು ತೂರಿಹೋಗಬಹುದು. ದೊಡ್ಡದನ್ನು ತಡೆದದ್ದು ಚಿಕ್ಕದನ್ನೂ ತಡೆದೀತು ಎಂಬ ಸಹಜ ಊಹೆ ಇಲ್ಲಿ ಕೈಕೊಡುತ್ತದೆ. ಪ್ಲೇಟಿನ ಚೀಟಿಯಲ್ಲಿ ಹಂತದ ಜೊತೆಗೆ ಪರೀಕ್ಷಿಸಿದ ಗುಂಡುಗಳ ಹೆಸರೂ ಇದ್ದರೆ ಆ ತಯಾರಕನ ಮೇಲೆ ನನಗೆ ಸ್ವಲ್ಪ ಹೆಚ್ಚು ನಂಬಿಕೆ.

ಚೀಟಿಯಲ್ಲಿ ಇನ್ನೊಂದು ವಿಷಯ ಅಡಗಿರುತ್ತದೆ: ಜಾಕೆಟ್ಟಿನ ಹಿಂಬದಿ ಎಷ್ಟು ಉಬ್ಬುತ್ತದೆ ಎಂಬುದು. ಗುಂಡು ನಿಂತರೂ ಪ್ಲೇಟಿನ ಹಿಂಭಾಗ ಒಳಮುಖವಾಗಿ ಉಬ್ಬಿ ಎದೆಗೆ ಗುದ್ದುತ್ತದೆ. ಪಕ್ಕೆಲುಬು ಮುರಿಯುವುದು, ಶ್ವಾಸಕೋಶಕ್ಕೆ ಪೆಟ್ಟಾಗುವುದು ಇದರಿಂದ. ಪರೀಕ್ಷೆಯಲ್ಲಿ ಕವಚದ ಹಿಂದೆ ಹದವಾದ ಜೇಡಿಯನ್ನು ಇಟ್ಟು ಗುಂಡು ಹಾರಿಸಿ, ಜೇಡಿಯಲ್ಲಿ ಮೂಡಿದ ಕುಳಿಯ ಆಳ ಅಳೆಯುತ್ತಾರೆ. ಅಮೆರಿಕದ ಮಾನಕದಲ್ಲಿ ಮಿತಿ 44 ಮಿ.ಮೀ. ಎಪ್ಪತ್ತರ ದಶಕದಲ್ಲಿ ಆಡುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಹುಟ್ಟಿದ ಅಂಕಿ ಅದು. ‘ತಡೆಯಿತು’ ಎಂಬ ಮಾತಿನೊಳಗೆ ಈ ಗುದ್ದೂ ಸೇರಿದೆ ಎಂಬುದನ್ನು ಮರೆಯಬಾರದು.

ಹೆಜ್ಜೆ 3: ಪ್ಲೇಟಿನ ಒಳಗೇನಿದೆ ಎಂದು ಕೇಳಿ

ಇಂದಿನ ಒಳ್ಳೆಯ ಪ್ಲೇಟುಗಳೆಲ್ಲ ಎರಡು ಪದರದವು. ಮುಂದೆ ಸೆರಾಮಿಕ್, ಹಿಂದೆ ನಾರಿನ ಹಲಗೆ. ಕಗ್ಗಲ್ಲಿಗೆ ಬಡಿದ ಹಾರೆಯ ಮೊನೆಯಂತೆ ಗುಂಡಿನ ತುದಿ ಸೆರಾಮಿಕ್ಕಿಗೆ ಬಡಿದು ಮೊಂಡಾಗಿ ಒಡೆಯುತ್ತದೆ. ಸೆರಾಮಿಕ್ ತಾನೂ ಶಂಕುವಿನ ಆಕಾರದಲ್ಲಿ ಒಡೆದು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಹಿಂದಿರುವ ಅರಾಮಿಡ್ (ಕೆವ್ಲಾರ್ ಜಾತಿಯ ನಾರು) ಅಥವಾ ಪಾಲಿಎಥಿಲೀನ್ ಹಲಗೆ ಆ ಒಡಕುಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಅಂದರೆ ಸೆರಾಮಿಕ್ ಒಡೆಯಬೇಕೆಂದೇ ಮಾಡಿರುವುದು. ಒಡೆದ ಜಾಗಕ್ಕೆ ಇನ್ನೊಂದು ಗುಂಡು ಬಿದ್ದರೆ ಏನು ಗತಿ ಎಂಬುದೇ ಈ ತಂತ್ರದ ದೊಡ್ಡ ತಲೆನೋವು. ಆದ್ದರಿಂದ ‘ಎಷ್ಟು ಗುಂಡು ತಡೆಯಿತು’ ಎಂಬ ಅಂಕಿ ತೂಕಕ್ಕಿಂತ ಮುಖ್ಯ.

ಬಳಕೆಯಲ್ಲಿರುವ ಸೆರಾಮಿಕ್‌ಗಳು ಮೂರು. ಅಲ್ಯುಮಿನಾ ಅಗ್ಗ, ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.9 ಗ್ರಾಂ. ಸಿಲಿಕಾನ್ ಕಾರ್ಬೈಡ್ 3.2. ಬೋರಾನ್ ಕಾರ್ಬೈಡ್ 2.5, ಬೆಲೆ ಮೂರರಲ್ಲಿ ಎಲ್ಲಕ್ಕಿಂತ ಹೆಚ್ಚು. ಉಕ್ಕು 7.8 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಉಕ್ಕಿನ ಪ್ಲೇಟುಗಳು ಏಕೆ ಹಿಂದೆ ಸರಿದವು ಎಂಬುದು ಗೊತ್ತಾಗುತ್ತದೆ. ಉಕ್ಕಿಗೆ ಇನ್ನೊಂದು ಕೆಟ್ಟ ಗುಣವಿದೆ: ಅದಕ್ಕೆ ಬಡಿದ ಗುಂಡು ಪುಡಿಯಾಗಿ ಅಂಚಿನ ಕಡೆಗೆ ಸಿಡಿದು ಗದ್ದ, ಕುತ್ತಿಗೆ, ತೋಳುಗಳನ್ನು ಸೀಳುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಉಕ್ಕಿನ ಪ್ಲೇಟುಗಳನ್ನು ನಾನು ಯಾರಿಗೂ ಹೇಳುವುದಿಲ್ಲ.

ಸೆರಾಮಿಕ್ ಕವಚ ಮೊದಲು ಮೈಗೇರಿದ್ದು ಅರವತ್ತರ ದಶಕದಲ್ಲಿ, ವಿಯೆಟ್ನಾಂನಲ್ಲಿದ್ದ ಅಮೆರಿಕದ ಹೆಲಿಕಾಪ್ಟರ್ ಸಿಬ್ಬಂದಿಗೆ. ಕೂತೇ ಕೆಲಸ ಮಾಡುವವರಿಗೆ ಭಾರ ಅಷ್ಟು ತೊಂದರೆಯಲ್ಲ. ನಡೆದಾಡುವ ಕಾಲಾಳಿಗೆ ಹೊರಬಲ್ಲಷ್ಟು ಹಗುರವಾಗಿ ಸಿಗಲು ಮೂವತ್ತು ವರ್ಷ ಹಿಡಿಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಇಂಟರ್‌ಸೆಪ್ಟರ್ ಕವಚ, ಮೆದು ಅಂಗಿಯ ಮೇಲೆ ಮುಂದೊಂದು ಹಿಂದೊಂದು ಸೆರಾಮಿಕ್ ಪ್ಲೇಟ್ ಎಂಬ ಮಾದರಿಯನ್ನು ಗಟ್ಟಿ ಮಾಡಿತು. ಇಂದು ಜಗತ್ತಿನ ಬಹುತೇಕ ಸೇನೆಗಳು ತೊಡುವುದು ಇದರ ತಮ್ಮಂದಿರನ್ನೇ.

ನಮ್ಮಲ್ಲಿ ಇದರ ಕಥೆ ನಿಧಾನವಾಗಿ ಸಾಗಿತು. 1.86 ಲಕ್ಷ ಜಾಕೆಟ್ ಕೊಳ್ಳುವ ಪ್ರಸ್ತಾಪಕ್ಕೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2018ರ ಏಪ್ರಿಲಿನಲ್ಲಿ, ಎಸ್‌ಎಂಪಿಪಿ ಕಂಪನಿಯೊಂದಿಗೆ, 639 ಕೋಟಿ ರೂಪಾಯಿಗೆ. ಭಾಗಿಸಿದರೆ ಜಾಕೆಟ್ಟೊಂದಕ್ಕೆ ಸುಮಾರು 34,000 ರೂಪಾಯಿ. ನಡುವಿನ ಬಿರುಕು ಮುಚ್ಚಲು 2016ರಲ್ಲಿ 50,000 ಜಾಕೆಟ್‌ಗಳಿಗೆ ತುರ್ತು ಆದೇಶ ಹೋದದ್ದು ನಮ್ಮ ಬೆಂಗಳೂರಿನ ಟಾಟಾ ಅಡ್ವಾನ್ಸ್‌ಡ್ ಮೆಟೀರಿಯಲ್ಸ್‌ಗೆ. ಸೆರಾಮಿಕ್ಕಿನ ಪುಡಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ 2020ರಲ್ಲಿ, ಗಲ್ವಾನ್ ಘರ್ಷಣೆಯ ಹೊತ್ತಿಗೆ, ಜೋರಾಗಿ ಎದ್ದಿತು. ಚೀನಾದಿಂದ ಕಚ್ಚಾ ಸಾಮಗ್ರಿ ತರಿಸಿ ಚೀನಾದ ಗಡಿ ಕಾಯುವವನಿಗೆ ಜಾಕೆಟ್ ಹೊಲಿಯುವುದು ಮುಜುಗರದ ಮಾತೇ ಸರಿ. ದೇಶೀಯ ಬೋರಾನ್ ಕಾರ್ಬೈಡ್ ಎಂಬ ಮಾತಿಗೆ ಈಗಿನ ಪ್ರಕಟಣೆಗಳಲ್ಲಿ ಅಷ್ಟು ಒತ್ತು ಬೀಳುವುದು ಅದಕ್ಕೇ.

ಹೆಜ್ಜೆ 4: ಪ್ಲೇಟ್ ಒಂಟಿಯೋ ಜೋಡಿಯೋ, ಖಚಿತ ಮಾಡಿಕೊಳ್ಳಿ

ಇಷ್ಟೂ ಹೆಜ್ಜೆಗಳಲ್ಲಿ ಒಂದನ್ನೇ ನೆನಪಿಡಿ ಎಂದರೆ ನಾನು ಹೇಳುವುದು ಇದನ್ನು. ಪ್ಲೇಟುಗಳು ಎರಡು ಜಾತಿ. ಒಂಟಿಯಾಗಿಯೇ ಗುಂಡನ್ನು ನಿಲ್ಲಿಸುವುದು ಒಂದು. ಚೀಟಿಯಲ್ಲಿ ‘ಸ್ಟ್ಯಾಂಡ್ ಅಲೋನ್’ ಅಥವಾ ಎಸ್‌ಎ ಎಂದಿರುತ್ತದೆ. ಹಿಂದೆ ಮೆದು ಪ್ಯಾನೆಲ್ (ನಾರುಬಟ್ಟೆಯ ಪದರ) ಇದ್ದರೆ ಮಾತ್ರ ಪೂರ್ತಿ ಕೆಲಸ ಮಾಡುವ ಜೋಡಿ ಪ್ಲೇಟ್ ಇನ್ನೊಂದು; ಅದಕ್ಕೆ ಐಸಿಡಬ್ಲ್ಯೂ (ಇನ್ ಕಂಜಂಕ್ಷನ್ ವಿತ್) ಎಂಬ ಗುರುತು. ಎರಡನೆಯ ಜಾತಿಯ ಪ್ಲೇಟನ್ನು ಪ್ಲೇಟ್ ಹಿಡಿಯುವ ಬರೀ ಅಂಗಿಗೆ (ಪ್ಲೇಟ್ ಕ್ಯಾರಿಯರ್) ತೂರಿಸಿ, ಸೆಕೆಗೆಂದು ಮೆದು ಪ್ಯಾನೆಲ್ ತೆಗೆದಿಟ್ಟು ಹೊರಟವನು ಅರ್ಧ ಕವಚ ತೊಟ್ಟಿದ್ದಾನೆ. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಚೀಟಿ ಓದುವಾಗಲೇ ಪ್ಲೇಟಿನ ಯಾವ ಮುಖ ಹೊರಗಿರಬೇಕು ಎಂಬುದನ್ನೂ ನೋಡಿಕೊಳ್ಳಿ. ಗುಂಡು ಬೀಳಬೇಕಾದ ಮುಖದ ಮೇಲೆ ‘ಸ್ಟ್ರೈಕ್ ಫೇಸ್’ ಎಂದೋ, ಮೈಗೆ ತಾಗುವ ಮುಖದ ಮೇಲೆ ‘ಬಾಡಿ ಸೈಡ್’ ಎಂದೋ ಅಚ್ಚಾಗಿರುತ್ತದೆ. ತಿರುಗುಮುರುಗಾಗಿ ಹಾಕಿದರೆ ಗುಂಡು ಮೊದಲು ನಾರಿಗೆ, ಆಮೇಲೆ ಸೆರಾಮಿಕ್ಕಿಗೆ ಬಡಿಯುತ್ತದೆ. ಸೆರಾಮಿಕ್ಕಿನ ಹಿಂದೆ ಆಗ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಬಾಗಿದ ಪ್ಲೇಟಿನಲ್ಲಿ ಈ ತಪ್ಪು ಕೈಗೆ ತಿಳಿಯುತ್ತದೆ. ಚಪ್ಪಟೆ ಪ್ಲೇಟಿನಲ್ಲಿ ತಿಳಿಯದು.

ಹೆಜ್ಜೆ 5: ತೂಕವನ್ನು ನೀವೇ ಲೆಕ್ಕ ಹಾಕಿ

2024ರ ಏಪ್ರಿಲಿನಲ್ಲಿ ಕಾನ್ಪುರದ ಡಿಆರ್‌ಡಿಒ ಪ್ರಯೋಗಾಲಯ ಡಿಎಂಎಸ್‌ಆರ್‌ಡಿಇ ರೂಪಿಸಿದ ಜಾಕೆಟ್ಟಿನ ಪ್ರಕಟಣೆ ಓದಲು ಒಳ್ಳೆಯ ಮಾದರಿ. ಐಎಸ್ 17051ರ ಆರನೇ ಹಂತ, ಮುಂಭಾಗದ ಪ್ಲೇಟಿಗೆ ಆರು ಗುಂಡು, ಪರೀಕ್ಷೆ ಚಂಡೀಗಢದ ಟಿಬಿಆರ್‌ಎಲ್ ಪ್ರಯೋಗಾಲಯದಲ್ಲಿ, ಜೋಡಿ ಪ್ಲೇಟಿನ ತೂಕ ಚದರ ಮೀಟರಿಗೆ 40 ಕಿಲೋಗಿಂತ ಕಡಿಮೆ, ಒಂಟಿ ಪ್ಲೇಟಿನದು 43 ಕಿಲೋಗಿಂತ ಕಡಿಮೆ. ಮೇಲಿನ ನಾಲ್ಕು ಹೆಜ್ಜೆಗಳ ಪ್ರಶ್ನೆಗಳಿಗೆಲ್ಲ ಒಂದೇ ಪ್ಯಾರಾದಲ್ಲಿ ಉತ್ತರ ಸಿಕ್ಕಿತು.

ಚದರ ಮೀಟರಿನ ಅಂಕಿಯನ್ನು ಬೆನ್ನಿಗೆ ಬೀಳುವ ಭಾರವಾಗಿ ಬದಲಿಸುವುದು ಸುಲಭ. ಸಾಮಾನ್ಯ ಪ್ಲೇಟ್ 25 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ. ಅಂದರೆ 0.075 ಚದರ ಮೀಟರ್. ಇದನ್ನು 40ರಿಂದ ಗುಣಿಸಿದರೆ 3 ಕಿಲೋ. ಮುಂದೆ ಹಿಂದೆ ಎರಡಕ್ಕೆ ಆರು. ಪಕ್ಕೆಯ ಚಿಕ್ಕ ಪ್ಲೇಟುಗಳು, ಮೆದು ಪ್ಯಾನೆಲ್, ಕುತ್ತಿಗೆ ಮತ್ತು ಕಿಬ್ಬೊಟ್ಟೆಯ ಪಟ್ಟಿ, ಹೊರಗಿನ ಬಟ್ಟೆ ಎಲ್ಲ ಸೇರಿದರೆ ಒಂಬತ್ತು ಹತ್ತು ಕಿಲೋ ಹೇಗಾಗುತ್ತದೆ ಎಂಬುದು ಈಗ ಕಾಣುತ್ತದೆ. ಯಾರಾದರೂ ಇದೇ ಹಂತಕ್ಕೆ, ಇದೇ ಅಳತೆಗೆ, ಮೈ ಸುತ್ತ ಮುಚ್ಚುವ ಜಾಕೆಟ್ ನಾಲ್ಕು ಕಿಲೋ ಎಂದರೆ ಎಲ್ಲೋ ಏನೋ ಬಿಟ್ಟುಹೋಗಿದೆ.

ಪ್ರಗತಿ ಹೇಗೆ ಬರುತ್ತದೆ ಎಂಬುದಕ್ಕೂ ಇದೇ ಪ್ರಯೋಗಾಲಯ ಸಾಕ್ಷಿ. 2021ರಲ್ಲಿ ಅದು ಮಧ್ಯಮ ಅಳತೆಯ ಜಾಕೆಟ್ಟಿನ ತೂಕವನ್ನು 10.4 ಕಿಲೋದಿಂದ 9 ಕಿಲೋಗೆ ಇಳಿಸಿತು. 2024ರ ಸೆಪ್ಟೆಂಬರಿನಲ್ಲಿ ಡಿಆರ್‌ಡಿಒ ಮತ್ತು ದೆಹಲಿಯ ಐಐಟಿ ಸೇರಿ ಪ್ರಕಟಿಸಿದ ‘ಅಭೇದ್’ ಜಾಕೆಟ್‌ಗಳ ಕನಿಷ್ಠ ತೂಕ, ಹಂತಕ್ಕೆ ತಕ್ಕಂತೆ 8.2 ಕಿಲೋ ಮತ್ತು 9.3 ಕಿಲೋ. ಒಂದೂವರೆ ಕಿಲೋ ಇಳಿಸಲು ವರ್ಷಗಟ್ಟಲೆ ಕೆಲಸ. ಅಮೆರಿಕದ ವಿಶೇಷ ಪಡೆಗಳು 2013ರಲ್ಲಿ ‘ಟೇಲೋಸ್’ ಎಂಬ, ಮೈ ಪೂರ್ತಿ ಮುಚ್ಚುವ ಯಂತ್ರಕವಚವನ್ನು ಘೋಷಿಸಿ 2019ರಲ್ಲಿ ಕೈಚೆಲ್ಲಿದವು. ಪೆಟ್ಟು ಬಿದ್ದಾಗ ಗಟ್ಟಿಯಾಗುವ ದ್ರವ, ಗ್ರಾಫೀನ್, ಜೇಡದ ನೂಲು ಇವುಗಳ ಬಗ್ಗೆಯೂ ಇಪ್ಪತ್ತು ವರ್ಷಗಳಿಂದ ತಲೆಬರಹಗಳು ಬರುತ್ತಿವೆ. ಸೈನಿಕನ ಎದೆಯ ಮೇಲೆ ಇವತ್ತಿಗೂ ಇರುವುದು ಸೆರಾಮಿಕ್ ಮತ್ತು ನಾರು.

ಹತ್ತು ಕಿಲೋದ ಲೆಕ್ಕ ಜಾಕೆಟ್ಟಿಗೆ ಮಾತ್ರ. ರೈಫಲ್, ಗುಂಡು ತುಂಬಿದ ಮ್ಯಾಗಜೀನ್, ನೀರು, ರೇಡಿಯೊ, ಹೆಲ್ಮೆಟ್ ಬೇರೆ. ಬಾರ್ಮೇರಿನ ಬೇಸಿಗೆಯಲ್ಲಿ ಜಾಕೆಟ್ಟಿನೊಳಗಿನ ಬೆವರು ಆರುವುದಿಲ್ಲ. ದಣಿದವನು ನಿಧಾನವಾಗುತ್ತಾನೆ, ನಿಧಾನವಾದವನು ಸುಲಭದ ಗುರಿಯಾಗುತ್ತಾನೆ. ಅತಿ ಹೆಚ್ಚು ರಕ್ಷಣೆಯ ಕವಚವೇ ಯಾವಾಗಲೂ ಒಳ್ಳೆಯದು ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ. ಕೆಲಸ ನೋಡಿ ಪ್ಲೇಟ್ ಸೇರಿಸುವ, ತೆಗೆಯುವ ಅವಕಾಶವಿರುವ ಜಾಕೆಟ್ ವಾಸಿ. ಆದರೆ ತೆಗೆಯುವ ನಿರ್ಧಾರ ಕಮಾಂಡರನದಾಗಿರಬೇಕು, ಸೆಕೆಯದಲ್ಲ.

ಹೆಜ್ಜೆ 6: ಮೈಗೆ ಸರಿಯಾಗಿ ಕೂರಿಸಿ

ಕನ್ನಡಿ ಬೇಡ, ಬೆರಳು ಸಾಕು. ಕುತ್ತಿಗೆಯ ಬುಡದಲ್ಲಿ, ಎರಡು ಕೊರಳೆಲುಬುಗಳ ನಡುವೆ ಒಂದು ಗುಳಿ ಇದೆ. ಮುಂಭಾಗದ ಪ್ಲೇಟಿನ ಮೇಲಂಚು ಆ ಗುಳಿಯ ಮಟ್ಟದಲ್ಲಿರಬೇಕು. ಬಹಳ ಜನ ಜಾಕೆಟ್ಟನ್ನು ಹೊಟ್ಟೆಯ ಕಡೆಗೆ ಜೋತುಬಿಟ್ಟುಕೊಳ್ಳುತ್ತಾರೆ, ಉಸಿರಾಟಕ್ಕೆ ಹಿತವೆಂದು. ಆಗ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳು ಪ್ಲೇಟಿನ ಮೇಲೆ ಬಯಲಾಗಿ ಉಳಿಯುತ್ತವೆ. ಪ್ಲೇಟ್ ಕರುಳನ್ನು ಕಾಯುತ್ತಿರುತ್ತದೆ. ಕರುಳಿಗೆ ಗುಂಡು ಬಿದ್ದವನನ್ನು ಆಸ್ಪತ್ರೆಗೆ ಒಯ್ಯಲು ಸಮಯವಿರುತ್ತದೆ. ಎದೆಯ ದೊಡ್ಡ ನಾಳ ಹರಿದವನಿಗೆ ಇರುವುದಿಲ್ಲ. ಹಿಂಭಾಗದ ಪ್ಲೇಟಿನ ಮೇಲಂಚು ಮುಂದಿನದರ ಮಟ್ಟಕ್ಕೇ ಬರಲಿ. ಕೆಳಗಂಚು ಹೊಕ್ಕುಳಿಗಿಂತ ಎರಡು ಮೂರು ಬೆರಳು ಮೇಲೆ ನಿಂತರೆ ಪ್ಲೇಟಿನ ಅಳತೆ ಸರಿ.

ಅಡ್ಡಳತೆಗೆ ಮೊಲೆತೊಟ್ಟುಗಳೇ ಗುರುತು: ಪ್ಲೇಟ್ ಅವೆರಡನ್ನೂ ಮುಚ್ಚಿರಬೇಕು. ಸೊಂಟಪಟ್ಟಿಯನ್ನು ಉಸಿರು ತುಂಬಿಕೊಂಡು ಬಿಗಿಯಿರಿ. ಖಾಲಿ ಎದೆಗೆ ಬಿಗಿದರೆ ಓಡುವಾಗ ಉಸಿರು ಕಟ್ಟುತ್ತದೆ. ಆಮೇಲೆ ರೈಫಲ್ ಭುಜಕ್ಕೇರಿಸಿ ನೋಡಿ, ಅದರ ಹಿಂತುದಿ (ಬಟ್ಟು) ಪ್ಲೇಟಿನ ಮೇಲೆ ಜಾರಬಾರದು. ಮಂಡಿಯೂರಿ ಕೂತಾಗ ಕೆಳಗಂಚು ತೊಡೆಗೆ ತಾಗಬಾರದು. ಬೋರಲು ಮಲಗಿ ತಲೆ ಎತ್ತಿದರೆ ಹಿಂದಿನ ಪ್ಲೇಟ್ ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳಿ ಕಣ್ಣು ಮುಚ್ಚಿಸಬಾರದು. ಈ ಕೊನೆಯದನ್ನು ನಿಂತಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ನೆಲಕ್ಕೆ ಬಿದ್ದಮೇಲೆ ಗೊತ್ತಾಗುತ್ತದೆ.

ಹೊಸ ಜಾಕೆಟ್‌ಗಳಲ್ಲಿ ಒಂದೇ ಎಳೆತಕ್ಕೆ ಇಡೀ ಜಾಕೆಟ್ ಬಿಚ್ಚಿಕೊಳ್ಳುವ ದಾರವಿರುತ್ತದೆ. ಅಮೆರಿಕದ ಸೇನೆ 2007ರಲ್ಲಿ ತಂದ ಐಒಟಿವಿ ಕವಚದಲ್ಲಿ ಇದು ಬಂತು. ನೀರಿಗೆ ಬಿದ್ದವನು ಮುಳುಗದಂತೆ, ಗಾಯಾಳುವಿನ ಎದೆಯನ್ನು ವೈದ್ಯ ಬೇಗ ತೆರೆಯುವಂತೆ. ನಿಮ್ಮ ಜಾಕೆಟ್ಟಿನಲ್ಲಿ ಇದ್ದರೆ ಒಮ್ಮೆ ಎಳೆದು, ಬಿಡಿಭಾಗಗಳನ್ನೆಲ್ಲ ನೀವೇ ಮತ್ತೆ ಜೋಡಿಸಿ. ಜೋಡಿಸಲು ಬಾರದವನು ಎಳೆಯಲು ಹಿಂದೇಟು ಹಾಕುತ್ತಾನೆ.

ಹೆಜ್ಜೆ 7: ತಲೆ, ಕಣ್ಣು, ಕಾಲಸಂದಿ

ಭಾರತೀಯ ಸೇನೆಯಲ್ಲಿ ಬಹಳ ಕಾಲ ‘ಪಟ್ಕಾ’ ಇತ್ತು. ಹಣೆಗೂ ತಲೆಯ ಹಿಂಭಾಗಕ್ಕೂ ಉಕ್ಕಿನ ತಗಡು, ನೆತ್ತಿ ಬಯಲು, ತೂಕ ಎರಡೂವರೆ ಕಿಲೋ ಆಸುಪಾಸು. ಕಾಶ್ಮೀರದ ಎಕೆ ಗುಂಡುಗಳ ಎದುರು ಅದು ಅರ್ಥವಿದ್ದ ಆಯ್ಕೆಯೇ. ಷೆಲ್ ಚೂರುಗಳ ಎದುರು ಅಲ್ಲ. ಕಾನ್ಪುರದ ಎಂಕೆಯು ಕಂಪನಿಗೆ 1.58 ಲಕ್ಷ ಹೆಲ್ಮೆಟ್‌ಗಳ ಆದೇಶ ಹೋದ ಸುದ್ದಿ 2017ರಲ್ಲಿ ಬಂತು. ಅವು ಚೂರನ್ನೂ 9 ಮಿ.ಮೀ. ಗುಂಡನ್ನೂ ತಡೆಯುವ ಪೂರ್ಣ ಹೆಲ್ಮೆಟ್‌ಗಳು. ರೈಫಲ್ ಗುಂಡನ್ನೂ ನಿಲ್ಲಿಸುವ ಹೆಲ್ಮೆಟ್‌ಗಳು ಈಗ ಬರುತ್ತಿವೆ. ಅಲ್ಲಿಯೂ ಹಿಂಬದಿಯ ಉಬ್ಬಿನ ಪ್ರಶ್ನೆ ಕೇಳಿ, ಏಕೆಂದರೆ ಎದೆಗಿರುವ ಪಕ್ಕೆಲುಬಿನ ಆಸರೆ ಮಿದುಳಿಗಿಲ್ಲ.

ಹೆಲ್ಮೆಟ್ಟಿನ ಮುಂದಂಚು ಹುಬ್ಬಿನ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ, ನೆಲಕ್ಕೆ ಸಮಾಂತರವಾಗಿ ಕೂರಲಿ. ಗದ್ದದ ಪಟ್ಟಿ ಬಿಗಿದು ತಲೆ ಕೊಡವಿದರೆ ಹೆಲ್ಮೆಟ್ ತಲೆಯೊಡನೆ ತಿರುಗಬೇಕು. ಒಳಗಿನ ಮೆತ್ತೆಗಳನ್ನು ಕಿತ್ತುಹಾಕಿ ಜಾಗ ಮಾಡಿಕೊಳ್ಳುವ ಅಭ್ಯಾಸ ಎಲ್ಲ ಕಡೆ ಇದೆ. ಪೆಟ್ಟು ಹೀರಿಕೊಳ್ಳುವುದು ಆ ಮೆತ್ತೆಗಳೇ.

ಕಣ್ಣಿಗೆ ಚೂರು ತಡೆಯುವ ಕನ್ನಡಕ, ಕಿವಿಗೆ ಬಿರಡೆ: ಇವು ಅಗ್ಗ, ಹಗುರ. ಅಸಡ್ಡೆಗೆ ಮೊದಲು ಗುರಿಯಾಗುವುದೂ ಇವೇ.

ಎದೆಯನ್ನು ಚೆನ್ನಾಗಿ ಮುಚ್ಚಿದ ಮೇಲೆ ಗಾಯ ಬೇರೆಡೆಗೆ ಸರಿಯಿತು ಎಂಬುದು ಇರಾಕ್, ಅಫ್ಗಾನಿಸ್ತಾನ ಯುದ್ಧಗಳ ಪಾಠ. ನೆಲದಲ್ಲಿ ಹೂತ ಬಾಂಬುಗಳಿಂದ ತೊಡೆಸಂದಿಯ ಗಾಯಗಳು ಹೆಚ್ಚಾದಾಗ ಬ್ರಿಟಿಷ್ ಸೇನೆ 2010ರಲ್ಲಿ ಯೋಧರಿಗೆ ರೇಷ್ಮೆಯ ಒಳಚಡ್ಡಿ ಹಂಚಿತು. ಗುಂಡಿನ ಎದುರು ರೇಷ್ಮೆ ನಿಲ್ಲುವುದಿಲ್ಲ. ಆದರೆ ಸ್ಫೋಟ ಎರಚುವ ಮಣ್ಣು, ಮರಳು, ಸಣ್ಣ ಚೂರುಗಳು ಮಾಂಸಕ್ಕೆ ನಾಟದಂತೆ ತಡೆಯುತ್ತದೆ. ಗಾಯ ಕೀವಾಗುವುದು ಕಡಿಮೆಯಾಗುತ್ತದೆ. ಅದರ ಮೇಲೆ ಬೇಕಾದಾಗ ಕಟ್ಟಿಕೊಳ್ಳುವ ದಪ್ಪ ಪದರ ಬೇರೆ. ಕೈಕಾಲುಗಳಿಗಂತೂ ಇಂದಿಗೂ ಕವಚವಿಲ್ಲ. ಅಲ್ಲಿ ರಕ್ತ ನಿಲ್ಲಿಸಲು ಬಿಗಿಯುವ ಟೂರ್ನಿಕೆಟ್ ಪಟ್ಟಿಯೇ ರಕ್ಷಣೆ. ಅದನ್ನು ಜಾಕೆಟ್ಟಿನ ಮೇಲೆ ಎರಡೂ ಕೈಗೆ ಎಟುಕುವ ಕಡೆ ಸಿಕ್ಕಿಸಿ, ಒಂದೇ ಕೈಯಿಂದ ಬಿಗಿಯುವುದನ್ನು ರೂಢಿ ಮಾಡಿಕೊಳ್ಳಿ.

ಹೆಜ್ಜೆ 8: ಜೋಪಾನ ಮಾಡಿ, ಅನುಮಾನ ಬಂದರೆ ಬದಲಿಸಿ

ಸೆರಾಮಿಕ್ ಪ್ಲೇಟ್ ಬೀಳಿಸಬೇಡಿ, ಅದರ ಮೇಲೆ ಕೂರಬೇಡಿ, ಜಾಕೆಟ್ಟನ್ನು ಟ್ರಕ್ಕಿನಿಂದ ಕೆಳಕ್ಕೆ ಎಸೆಯಬೇಡಿ. ಬಿರುಕು ಹೊದಿಕೆಯ ಒಳಗೆ ಅಡಗಿರುತ್ತದೆ. ಪ್ಲೇಟಿನ ಅಂಚುಗಳನ್ನು ಎರಡು ಕೈಯಲ್ಲಿ ಹಿಡಿದು ತುಸು ತಿರುಚಿ ಕಿವಿಗೊಡಿ; ಕರಕರ ಸದ್ದು ಬಂದರೆ ಒಳಗೆ ಒಡೆದಿದೆ. ಸದ್ದು ಬರಲಿಲ್ಲವೆಂದು ಗಟ್ಟಿಯಾಗಿದೆ ಎನ್ನುವಂತಿಲ್ಲ, ಎಕ್ಸ್‌-ರೇ ಮಾತ್ರ ಖಚಿತ. ಅಮೆರಿಕದ ಸೇನೆ ತನ್ನ ಪ್ಲೇಟುಗಳನ್ನು ಎಕ್ಸ್‌-ರೇ ಯಂತ್ರದಲ್ಲಿ ಹಾಯಿಸಿ ಬೇರ್ಪಡಿಸುತ್ತದೆ.

ಮೆದು ಪ್ಯಾನೆಲ್‌ಗೆ ಶತ್ರುಗಳು ಬೇರೆ. ಅರಾಮಿಡ್‌ಗೆ ಬಿಸಿಲೂ ತೇವವೂ ಆಗದು. ಪಾಲಿಎಥಿಲೀನ್ ನೀರಿನಲ್ಲಿ ತೇಲುವಷ್ಟು ಹಗುರ, ಆದರೆ 150 ಡಿಗ್ರಿಗೆ ಮೊದಲೇ ಕರಗುತ್ತದೆ. ಅದಕ್ಕಿಂತ ಬಹಳ ಕೆಳಗೇ ಮೆತ್ತಗಾಗುವುದರಿಂದ ಹೀಟರಿನ ಪಕ್ಕ, ಬಿಸಿಲಿಗೆ ನಿಂತ ವಾಹನದ ಗಾಜಿನ ಹಿಂದೆ ಇಡಬೇಡಿ. ತೊಳೆಯಬೇಕಾದದ್ದು ಹೊರ ಅಂಗಿಯನ್ನು ಮಾತ್ರ. ಪ್ಯಾನೆಲ್ ಹೊರತೆಗೆದು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಿ. ಮಡಚಬೇಡಿ, ಮೊಳೆಗೆ ತೂಗುಹಾಕಬೇಡಿ, ಬ್ಲೀಚ್ ಮುಟ್ಟಿಸಬೇಡಿ. ಪ್ಯಾನೆಲ್‌ನ ನೀರು ತಡೆಯುವ ಚೀಲ ಹರಿದಿದ್ದರೆ ಹೊಲಿಗೆ ಹಾಕದೆ ಸ್ಟೋರಿಗೆ ಒಪ್ಪಿಸಿ. ಸೂಜಿಯ ಒಂದೊಂದು ತೂತೂ ಬೆವರಿಗೆ ದಾರಿ.

ಹಾಳಾಗುವುದು ಕಣ್ಣಿಗೆ ಕಾಣದು ಎಂಬುದಕ್ಕೆ ಎರಡು ಹಳೆಯ ಪ್ರಕರಣಗಳಿವೆ. ಝೈಲಾನ್ ಎಂಬ ನಾರಿನ ಜಾಕೆಟ್‌ಗಳು ಕೆವ್ಲಾರ್‌ಗಿಂತ ಹಗುರ, ಬಲವೂ ಹೆಚ್ಚು ಎಂದು ಅಮೆರಿಕದ ಪೊಲೀಸರು ಮುಗಿಬಿದ್ದು ಕೊಂಡರು. 2003ರಲ್ಲಿ ಪೆನ್ಸಿಲ್ವೇನಿಯಾದ ಪೊಲೀಸ್ ಅಧಿಕಾರಿಯೊಬ್ಬರ ಜಾಕೆಟ್ಟನ್ನು, ಅದು ತಡೆಯಬೇಕಿದ್ದ ಗುಂಡೇ ತೂರಿಹೋಯಿತು. ಬೆವರು ಮತ್ತು ಶಾಖಕ್ಕೆ ನಾರು ಸದ್ದಿಲ್ಲದೆ ಸೊರಗುತ್ತಿತ್ತು. 2005ರಲ್ಲಿ ಎನ್‌ಐಜೆ ಆ ನಾರಿನ ಜಾಕೆಟ್‌ಗಳ ಮಾನ್ಯತೆ ಹಿಂತೆಗೆದುಕೊಂಡಿತು. ಇನ್ನೊಂದು ‘ಡ್ರ್ಯಾಗನ್ ಸ್ಕಿನ್’ದು. ಸೆರಾಮಿಕ್ ಬಿಲ್ಲೆಗಳನ್ನು ಮೀನಿನ ಹುರುಪೆಯಂತೆ ಜೋಡಿಸಿದ ಈ ಕವಚಕ್ಕೆ ದೂರದರ್ಶನದಲ್ಲಿ ಭಾರೀ ಪ್ರಚಾರ ಸಿಕ್ಕಿತ್ತು. ಇರಾಕಿನಲ್ಲಿದ್ದ ಮಕ್ಕಳಿಗೆ ಕೆಲವು ಕುಟುಂಬಗಳು ಸ್ವಂತ ದುಡ್ಡಿನಿಂದ ಕವಚ ಕೊಂಡು ಕಳಿಸುತ್ತಿದ್ದ ಕಾಲ ಅದು. 2006ರಲ್ಲಿ ಅಮೆರಿಕದ ಸೇನೆ ನಡೆಸಿದ ಪರೀಕ್ಷೆಯಲ್ಲಿ, ಬಿಸಿ ಏರಿಸಿದಾಗ ಅಂಟು ಬಿಟ್ಟು ಬಿಲ್ಲೆಗಳು ಜಾರಿದವು, ಗುಂಡುಗಳು ತೂರಿಹೋದವು. ಖಾಸಗಿಯಾಗಿ ಕೊಂಡ ಕವಚಗಳನ್ನೇ ಸೇನೆ ಆ ವರ್ಷ ನಿಷೇಧಿಸಿತು. ಪರೀಕ್ಷಾ ವರದಿ ಸಿಕ್ಕರೆ ಎಷ್ಟು ಶಾಖದಲ್ಲಿ, ಎಷ್ಟು ಚಳಿಯಲ್ಲಿ, ನೀರಿನಲ್ಲಿ ನೆನೆಸಿಯೋ ಒಣಗಿದ್ದಾಗಲೋ ಗುಂಡು ಹಾರಿಸಿದರು ಎಂಬ ಸಾಲನ್ನು ಹುಡುಕಬೇಕಾದದ್ದು ಇದಕ್ಕಾಗಿ.

ಚೀಟಿಯ ಮೇಲಿನ ತಯಾರಿಕೆಯ ದಿನಾಂಕ, ಖಾತರಿಯ ಅವಧಿ, ಲಾಟ್ ಸಂಖ್ಯೆ ಮೂರನ್ನೂ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೆವರಿಗೆ ಚೀಟಿಯ ಅಕ್ಷರ ಬೇಗ ಅಳಿಸುತ್ತದೆ. ಗುಂಡು ತಗುಲಿದ ಪ್ಲೇಟನ್ನು, ಅದು ಎಷ್ಟೇ ಚೆನ್ನಾಗಿ ಕಂಡರೂ, ಮತ್ತೆ ತೊಡಬೇಡಿ. ಲಾಟ್ ಸಂಖ್ಯೆಯೊಂದಿಗೆ ಸ್ಟೋರಿಗೆ ಒಪ್ಪಿಸಿ ಬದಲಿ ಪಡೆಯಿರಿ, ಎದೆಯಲ್ಲಿ ನೋವಿಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ.